ಕೀಲಿಮಣೆ ಕೊಳ್ಳುವ ಮುನ್ನ



ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸೀರೆ ಕೊಳ್ಳುವ ಹೆಣ್ಣುಮಗಳು ಸೆರಗು ಬಿಡಿಸಿ, ಅಂಚು ಹಿಡಿದು, ಬೆಳಕಿಗೆ ಒಡ್ಡಿ ನೋಡುತ್ತಾಳೆ. ಕಂಪ್ಯೂಟರಿನ ಸಾಮಾನು ಕೊಳ್ಳುವಾಗ ಮಾತ್ರ ನಾವು ಅಂಗಡಿಯವನ ಮುಖ ನೋಡಿ ಹಣ ಎಣಿಸಿಕೊಟ್ಟು ಬಂದುಬಿಡುತ್ತೇವೆ. ಅದು ನಮಗೆ ತಿಳಿಯದ ವಿದ್ಯೆ ಎಂಬ ಅಳುಕೇ ಇದಕ್ಕೆ ಕಾರಣ. ಇಂದು ನಾನು ತಮ್ಮೊಡನೆ ಮಾತನಾಡಲಿರುವುದು ಅಂಥ ಒಂದು ಸಾಮಾನಿನ ಬಗ್ಗೆ. ಪುಸ್ತಕದ ಕನ್ನಡದಲ್ಲಿ ಅದು ಕೀಲಿಮಣೆ, ನಮ್ಮ ಬಾಯಲ್ಲಿ ಕೀಬೋರ್ಡ್. ಅದರಲ್ಲಿಯೂ ಹುಡುಗರು ಆಟಕ್ಕೆಂದು ಹಟ ಹಿಡಿದು ಕೇಳುವ ‘ಮೆಕ್ಯಾನಿಕಲ್ ಗೇಮಿಂಗ್ ಕೀಬೋರ್ಡ್’.

ಎಸ್ಸೆಸ್ಸೆಲ್ಸಿ ಓದಿದ ಬ್ಯಾಂಕ್ ಗುಮಾಸ್ತನಿಗೆ ಈ ಮಾತು ಏಕೆ ಎಂದು ತಾವು ಕೇಳಬಹುದು. ನನ್ನ ಅನ್ನ ಹುಟ್ಟಿದ್ದೇ ಬೆರಳ ತುದಿಯಿಂದ. 1978ರಲ್ಲಿ ಧರ್ಮಪುರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಬ್ಬಿಣದ ಯಂತ್ರದ ಮೇಲೆ ಬೆರಳು ಪಳಗಿಸಿದೆ. ಆಗ ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರೆಯಾಗಿ 13 ವರ್ಷವಾಗಿತ್ತು. ಹೊಸೂರು, ಡೆಂಕಣಿಕೋಟೆ, ತಳಿ ಎಲ್ಲವೂ ನಮ್ಮ ಜಿಲ್ಲೆಯೊಳಗೇ ಇದ್ದವು. ಅವು ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು 2004ರಲ್ಲಿ. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಅವುಗಳ ಹಿಂದೆ ಕಂಪ್ಯೂಟರುಗಳು ಬಂದವು. ಕೌಂಟರಿನ ಹಿಂದೆ ಟಕಟಕ ಎನ್ನುವ ಒಂದು ಗಟ್ಟಿ ಕೀಬೋರ್ಡನ್ನು ತಾವೂ ಕಂಡಿರುತ್ತೀರಿ, ಅದರ ಸದ್ದನ್ನು ಕೇಳಿರುತ್ತೀರಿ. ಚೆನ್ನೈನ ಟಿವಿಎಸ್ ಎಲೆಕ್ಟ್ರಾನಿಕ್ಸ್ ಕಂಪನಿಯ ‘ಟಿವಿಎಸ್ ಗೋಲ್ಡ್’ ಅದು. ಅದೂ ಮೆಕ್ಯಾನಿಕಲ್ ಕೀಬೋರ್ಡೇ. ಹುಡುಗರು ಇಂದು ಹೊಸದೆಂದು ಕೇಳುತ್ತಿರುವುದನ್ನು ಗುಮಾಸ್ತರಾದ ನಾವು ಎಷ್ಟೋ ವರ್ಷ ಕುಟ್ಟಿದ್ದೇವೆ.

ಈಗ ನಮ್ಮ ಮನೆಯ ಸಂಗತಿ. ಮನೆಗೆ ಕಂಪ್ಯೂಟರ್ ಒಂದೇ, ಅದಕ್ಕೆ ಕೂರುವವರು ಮೂವರು. ಮೊಮ್ಮಗ ಹನ್ನೊಂದನೆಯ ತರಗತಿ, ಅವನಿಗೆ ಆಟ ಬೇಕು. ಸೊಸೆ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ, ಅರ್ಜಿ, ಅಂಗಡಿ ಬಿಲ್ಲು ಟೈಪು ಮಾಡಿಕೊಡುತ್ತಾಳೆ. ಗಡಿಯೂರಿನ ಲಗ್ನಪತ್ರಿಕೆ ಎಂದರೆ ಒಂದು ಬದಿ ತಮಿಳು, ಇನ್ನೊಂದು ಬದಿ ಕನ್ನಡ. ಆಕೆಗೆ ಪುಟದ ಲೆಕ್ಕದಲ್ಲಿ ಕೂಲಿ. ಮೂರನೆಯವನು ನಾನು. ನನ್ನ ಮನೆಯವರು ಸೇಲಂ ಕಡೆಯ ದೇವಾಂಗ ನೇಕಾರರ ಮಗಳು, ಮಗ್ಗದ ಪಕ್ಕದಲ್ಲೇ ಬೆಳೆದವರು. ಲಾಳಿ, ಹಣಿಗೆ, ಹಾಸು, ಹೊಕ್ಕು ಎಂದು ಅವರ ಬಾಯಲ್ಲಿ ಬರುವ ಮಗ್ಗದ ಮಾತುಗಳನ್ನು, ಗಾದೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ತಮಿಳು ತೆಲುಗುಗಳ ನೆರೆಯಲ್ಲಿ ಬೆಳೆದ ಕನ್ನಡ ಅದು. ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಮಗ್ಗ ನಿಂತ ಮನೆಯಲ್ಲಿ ಹಣಿಗೆ ಎಂಬ ಮಾತನ್ನು ಯಾರು ಆಡುತ್ತಾರೆ? ಅದನ್ನು ಟೈಪು ಮಾಡಿಡಬೇಕೆಂಬುದು ನನ್ನ ಆಸೆ. ಆದರೆ ನನ್ನ ಬೆರಳ ಗೆಣ್ಣುಗಳು ಈಗ ಬಿಗಿಯುತ್ತವೆ, ಬೆಳಗಿನ ಹೊತ್ತು ಮಡಚುವುದೇ ಕಷ್ಟ.

ಹಳೆಯ ಕೀಬೋರ್ಡು ಕೆಟ್ಟಿತು. ಮೊಮ್ಮಗ ಆರು ಸಾವಿರಕ್ಕೂ ಮೇಲ್ಪಟ್ಟ, ಬಣ್ಣಬಣ್ಣದ ದೀಪ ಉರಿಯುವ ಒಂದು ಕೀಬೋರ್ಡಿನ ಚಿತ್ರ ತೋರಿಸಿದ. ನಾನು ಬೇಡ ಎನ್ನಲಿಲ್ಲ. “ಸಾಲದ ಅರ್ಜಿ ನೋಡುವ ಹಾಗೆ ನೋಡೋಣ ಕಣಪ್ಪ. ಒಂದಕ್ಕೆ ಮೂರು ಹೋಲಿಸೋಣ, ಆಮೇಲೆ ಮಂಜೂರು” ಎಂದೆ. ಹಾಗೆ ಹೋಲಿಸಿ ತಿಳಿದುಕೊಂಡದ್ದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಳಗೇನಿದೆ ಎಂಬುದನ್ನು ನೋಡೋಣ. ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನ್ಯ ಕೀಬೋರ್ಡಿನೊಳಗೆ ಒಂದರ ಮೇಲೊಂದು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲೆ ರಬ್ಬರಿನ ಗುಮ್ಮಟಗಳು. ಕೀಲಿ ಒತ್ತಿದಾಗ ಗುಮ್ಮಟ ಕುಸಿದು ಹಾಳೆ ಹಾಳೆಗೆ ತಾಗುತ್ತದೆ, ಅಕ್ಷರ ಬೀಳುತ್ತದೆ. ರಬ್ಬರು ಮುದಿಯಾದರೆ ಕೀಲಿ ಮಂಕಾಗುತ್ತದೆ. ಒಂದು ಕೆಟ್ಟರೂ ಇಡೀ ಕೀಬೋರ್ಡನ್ನೇ ಎಸೆಯಬೇಕಾಗುತ್ತದೆ. ಮೆಕ್ಯಾನಿಕಲ್‌ನಲ್ಲಿ ಹಾಗಲ್ಲ. ಪ್ರತಿ ಕೀಲಿಯ ಕೆಳಗೂ ಬೇರೆಬೇರೆ ಸ್ವಿಚ್ಚು, ಪ್ರತಿ ಸ್ವಿಚ್ಚಿನೊಳಗೂ ಒಂದು ಸ್ಪ್ರಿಂಗು, ಲೋಹದ ಎರಡು ತುಂಡು. ಅದಕ್ಕೇ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಒಳ್ಳೆಯ ಸ್ವಿಚ್ಚಿಗೆ 5 ಕೋಟಿ ಒತ್ತು ತಾಳುತ್ತದೆಂದು ತಯಾರಕರು ಹೇಳುತ್ತಾರೆ. ಕಾಸಿಗೆ ತಕ್ಕ ಕಜ್ಜಾಯ.

ಈ ಸ್ವಿಚ್ಚುಗಳಿಗೆ ಹೆಸರು ತಂದದ್ದು ಜರ್ಮನಿಯ ಚೆರ್ರಿ ಕಂಪನಿ. ಅದರ ‘ಎಂಎಕ್ಸ್’ ಸ್ವಿಚ್ಚು 1980ರ ದಶಕದ್ದು. ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಮುಂತಾದ ಚೀನೀ ಕಂಪನಿಗಳೂ ಅದೇ ಮಾದರಿಯಲ್ಲಿ ಮಾಡತೊಡಗಿದವು, ಬೆಲೆ ಇಳಿಯಿತು. ಸ್ವಿಚ್ಚಿನ ಗುಣವನ್ನು ಬಣ್ಣದಿಂದ ಗುರುತಿಸುವುದು ವಾಡಿಕೆ. ಮುಖ್ಯವಾಗಿ ಮೂರು ಬಣ್ಣ ನೆನಪಿಡಿ.

ಕೆಂಪು ಸ್ವಿಚ್ಚು ಮೇಲಿಂದ ಕೆಳಗೆ ನುಣ್ಣಗೆ ಇಳಿಯುತ್ತದೆ, ಎಲ್ಲಿಯೂ ತಡೆಯಿಲ್ಲ. ಒಂದೇ ಕೀಲಿಯನ್ನು ಪಟಪಟನೆ ಒತ್ತುವ ಆಟಗಾರರಿಗೆ ಇದು ಇಷ್ಟ. ಕಂದು ಸ್ವಿಚ್ಚಿನಲ್ಲಿ ನಡುವೆ ಒಂದು ಸಣ್ಣ ದಿಬ್ಬ ಬೆರಳಿಗೆ ತಿಳಿಯುತ್ತದೆ. ಅಕ್ಷರ ಬಿತ್ತು ಎಂಬುದನ್ನು ಬೆರಳೇ ಹೇಳುತ್ತದೆ, ಸದ್ದು ಹೆಚ್ಚಿಲ್ಲ. ನೀಲಿ ಸ್ವಿಚ್ಚಿನಲ್ಲಿ ದಿಬ್ಬವೂ ಉಂಟು, ಟಕ್ ಎಂಬ ಸದ್ದೂ ಉಂಟು. ಟೈಪ್‌ರೈಟರಿನಲ್ಲಿ ಕಲಿತವರಿಗೆ ಇದು ಹಳೆಯ ನೆಂಟನ ಹಾಗೆ.

ಈ ಸದ್ದಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಪರಿಚಯದವರ ಮನೆಯಿಂದ ನೀಲಿ ಸ್ವಿಚ್ಚಿನ ಕೀಬೋರ್ಡೊಂದನ್ನು ಎರಡು ದಿನದ ಮಟ್ಟಿಗೆ ತಂದೆವು. ನನಗಂತೂ ಬ್ಯಾಂಕೇ ಮನೆಗೆ ಬಂದಂತಾಯಿತು. ರಾತ್ರಿ ಹತ್ತೂವರೆಗೆ ಮೊಮ್ಮಗ ಆಡತೊಡಗಿದ. ಅದೇ ಕೋಣೆಯಲ್ಲಿ ಮಲಗುವ ನನ್ನ ಮನೆಯವರು ಎದ್ದು ಕುಳಿತರು. “ಮಗ್ಗದ ಸದ್ದಿಗೆ ಮಲಗಿ ಬೆಳೆದವಳು ನೀನು, ಇದಕ್ಕೇನು?” ಎಂದೆ. “ಮಗ್ಗದ ಸದ್ದಿಗೆ ಒಂದು ಹದ ಇರ್ತದೆ ರೀ. ಲಾಳಿ ಹೋಯ್ತು, ಬಂತು ಅಂತ ಗೊತ್ತಾಗ್ತದೆ, ನಿದ್ದೆ ಬರ್ತದೆ. ಇದು ಆಲಿಕಲ್ಲು ಮಳೆ ಬಿದ್ದಂಗೆ. ಯಾವಾಗ ಬೀಳ್ತದೋ, ಯಾವಾಗ ನಿಲ್ತದೋ!” ಎಂದರು. ನೀಲಿಗೆ ನಮ್ಮ ಮನೆಯಲ್ಲಿ ಅಲ್ಲಿಗೇ ತಡೆಬಿತ್ತು. ಬೇರೆ ಕೋಣೆ ಇರುವವರ ಮಾತು ಬೇರೆ.

ಎರಡನೆಯದು ಭಾರ. ಕೀಲಿ ಒತ್ತಲು ಎಷ್ಟು ಬಲ ಬೇಕೆಂಬುದನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಚೆರ್ರಿ ಕೆಂಪಿಗೆ ಸುಮಾರು 45 ಗ್ರಾಂ, ಕಂದಿಗೆ ದಿಬ್ಬ ದಾಟಲು ಸುಮಾರು 55, ನೀಲಿಗೆ ಸುಮಾರು 60. ಇದನ್ನು ಅಳೆಯಲು ತಕ್ಕಡಿ ಬೇಡ. ದಪ್ಪನೆಯ ಹಳೆಯ 5 ರೂಪಾಯಿ ನಾಣ್ಯ ನೆನಪಿದೆಯಲ್ಲ? ಅದರ ತೂಕ 9 ಗ್ರಾಂ. ಐದು ನಾಣ್ಯಗಳನ್ನು ಒಂದರ ಮೇಲೊಂದು ಅಡಕಿಸಿ ಕೀಲಿಯ ಮೇಲೆ ಮೆಲ್ಲಗೆ ಇಟ್ಟರೆ 45 ಗ್ರಾಂ ಆಯಿತು. ಕೆಂಪು ಅಷ್ಟರಲ್ಲೇ ಕುಗ್ಗತೊಡಗುತ್ತದೆ. ಕಂದಿಗೆ ಆರು ನಾಣ್ಯ ಬೇಕು, ನೀಲಿಗೆ ಏಳರ ಹತ್ತಿರ. ಒಂದು ನಾಣ್ಯದ ವ್ಯತ್ಯಾಸ ಅತ್ಯಲ್ಪ ಎನ್ನಬೇಡಿ. ಒಂದು ಪುಟಕ್ಕೆ ಎರಡು ಸಾವಿರ ಬಾರಿ ಒತ್ತಿದರೆ ಗೆಣ್ಣು ನೋವಿನವನಿಗೆ ಆ ಲೆಕ್ಕ ಸಂಜೆಗೆ ತಿಳಿಯುತ್ತದೆ. ಅಂಗಡಿಯಲ್ಲಿ ಕೀಬೋರ್ಡು ಮುಟ್ಟಿ ನೋಡಲು ಬಿಡದಿದ್ದರೆ ಇನ್ನೊಂದು ಅಂಗಡಿಗೆ ಹೋಗಿ.

ಮೂರನೆಯದು ಆಟಗಾರರ ಮುಖ್ಯ ಬೇಡಿಕೆ. ಏಕಕಾಲಕ್ಕೆ ಹಲವು ಕೀಲಿ ಒತ್ತಿದರೂ ಎಲ್ಲವೂ ದಾಖಲಾಗಬೇಕು. ಡಬ್ಬದ ಮೇಲೆ ‘ಆ್ಯಂಟಿ ಘೋಸ್ಟಿಂಗ್’, ‘ಎನ್ ಕೀ ರೋಲ್‌ಓವರ್’ ಎಂದು ಬರೆದಿರುತ್ತದೆ. ಘೋಸ್ಟ್ ಎಂದರೆ ದೆವ್ವ. ಕೀಬೋರ್ಡಿನಲ್ಲಿ ದೆವ್ವ ಎಲ್ಲಿಂದ ಬಂತು? ನೇಕಾರ ಬಂಧುಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. 104 ಕೀಲಿಗಳಿಗೆ 104 ತಂತಿ ಎಳೆಯುವುದಿಲ್ಲ. ಹಾಸಿನ ಹಾಗೆ ಕೆಲವು ಉದ್ದ ತಂತಿ, ಹೊಕ್ಕಿನ ಹಾಗೆ ಕೆಲವು ಅಡ್ಡ ತಂತಿ. ಇವು ಕೂಡುವ ಒಂದೊಂದು ಜಾಗದಲ್ಲಿ ಒಂದೊಂದು ಕೀಲಿ. ಯಾವ ಹಾಸು ಯಾವ ಹೊಕ್ಕಿಗೆ ತಾಗಿತು ಎಂಬುದನ್ನು ನೋಡಿ ಒಳಗಿನ ಚಿಪ್ಪು ಅಕ್ಷರವನ್ನು ಗುರುತಿಸುತ್ತದೆ. ಈಗ ಒಂದು ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದಿರಿ ಎನ್ನಿ. ವಿದ್ಯುತ್ತು ಆ ಮೂರರ ಮೂಲಕ ಸುತ್ತಿ ಬಂದು, ಯಾರೂ ಒತ್ತದ ನಾಲ್ಕನೆಯ ಮೂಲೆಯನ್ನೂ ಒತ್ತಿದ ಹಾಗೆ ತೋರಿಸುತ್ತದೆ. ಅದೇ ದೆವ್ವ. ಇದನ್ನು ತಪ್ಪಿಸಲು ಅಗ್ಗದ ಕೀಬೋರ್ಡುಗಳು ಮೂರನೆಯ ಕೀಲಿಯನ್ನೇ ನುಂಗಿಬಿಡುತ್ತವೆ. ಒಳ್ಳೆಯದರಲ್ಲಿ ಪ್ರತಿ ಕೀಲಿಗೂ ಒಂದು ಡಯೋಡ್ ಇರುತ್ತದೆ. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಸುತ್ತಿ ಬರಲು ಬಿಡುವುದಿಲ್ಲ.

ಪರೀಕ್ಷೆ ಸುಲಭ. ಎರಡು ಬದಿಯ ಶಿಫ್ಟ್ ಕೀಲಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಇನ್ನೊಬ್ಬರು ಎ ಇಂದ ಜಡ್‌ವರೆಗೆ ಒಂದೊಂದಾಗಿ ಒತ್ತಲಿ. 26 ಅಕ್ಷರಗಳೂ ಪರದೆಯ ಮೇಲೆ ಬಿದ್ದರೆ ಈ ಮಟ್ಟಿಗೆ ಒಳ್ಳೆಯದು. ಕೆಲವು ಬೀಳದೆ ಹೋದರೆ ಆ ಕೀಬೋರ್ಡು ಅವನ್ನು ನುಂಗುತ್ತಿದೆ ಎಂದು ತಿಳಿಯಿರಿ.

ನಾಲ್ಕನೆಯದು ವೇಗದ ಮಾತು. ಸಾಮಾನ್ಯ ಕೀಬೋರ್ಡು ಸೆಕೆಂಡಿಗೆ 125 ಬಾರಿ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಆಟದ್ದು 1000 ಬಾರಿ. ಈಗ 8000 ಬಾರಿ ಎಂದೂ ಮಾರುತ್ತಾರೆ. ಲೆಕ್ಕ ಹಾಕಿ ನೋಡೋಣ. 125 ಎಂದರೆ 8 ಮಿಲಿಸೆಕೆಂಡಿಗೆ ಒಮ್ಮೆ, 1000 ಎಂದರೆ 1 ಮಿಲಿಸೆಕೆಂಡಿಗೆ ಒಮ್ಮೆ. ಇವೆರಡರ ಅಂತರ 7 ಮಿಲಿಸೆಕೆಂಡು. 8000ಕ್ಕೆ ಹೋದರೆ ಇನ್ನೂ ಉಳಿಯುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. ಮನುಷ್ಯ ಕಣ್ಣಲ್ಲಿ ಕಂಡು ಬೆರಳು ಒತ್ತಲು ಸುಮಾರು 200 ಮಿಲಿಸೆಕೆಂಡು ಬೇಕು. ಹಾಗಾಗಿ 1000ದವರೆಗೆ ಹಣ ಕೊಡಬಹುದು, ಅದರಾಚೆ ಮನೆಯ ಆಟಗಾರನಿಗೆ ದಕ್ಕುವುದು ಬಹಳವಿಲ್ಲ. ಮೊಮ್ಮಗ ಈ ಭಾಗಾಕಾರವನ್ನು ತಾನೇ ಮಾಡಿ ನೋಡಿ ಸುಮ್ಮನಾದ.

ಇತ್ತೀಚೆಗೆ ಅಯಸ್ಕಾಂತದ ಸ್ವಿಚ್ಚುಗಳೂ ಬಂದಿವೆ. ಅವುಗಳಲ್ಲಿ ಲೋಹಕ್ಕೆ ಲೋಹ ತಾಗುವುದಿಲ್ಲ. ಕೀಲಿ ಎಷ್ಟು ಇಳಿದರೆ ಅಕ್ಷರ ಬೀಳಬೇಕೆಂಬುದನ್ನು ನಾವೇ ನಿಗದಿ ಮಾಡಬಹುದು. ಜೊತೆಗೆ, ಎಡ ಬಲ ಎರಡು ಕೀಲಿ ಒಟ್ಟಿಗೆ ಒತ್ತಿದ್ದರೂ ಕೊನೆಯದನ್ನು ಮಾತ್ರ ಹಿಡಿಯುವ ಚಮತ್ಕಾರವನ್ನು ಕೆಲವು ಕಂಪನಿಗಳು ಕೀಬೋರ್ಡುಗಳಲ್ಲಿ ಸೇರಿಸಿದವು. 2024ರ ಆಗಸ್ಟ್‌ನಲ್ಲಿ ‘ಕೌಂಟರ್ ಸ್ಟ್ರೈಕ್ 2’ ಆಟದ ವಾಲ್ವ್ ಕಂಪನಿ, ಇಂಥ ನೆರವು ಬಳಸುವವರನ್ನು ತನ್ನ ಸರ್ವರುಗಳ ಆಟದಿಂದ ಹೊರಹಾಕತೊಡಗಿತು. ಹೆಚ್ಚಿನ ಹಣ ತೆತ್ತು ಕೊಂಡ ಸೌಲಭ್ಯವನ್ನು ಆಟದಲ್ಲೇ ಬಳಸುವಂತಿಲ್ಲ ಎಂದರೆ ಅದು ಎಂಥ ಸೌಲಭ್ಯ?

ಆಟ ಎಂದ ಮೇಲೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಕ್ಕಳು ಕೀಬೋರ್ಡಿನಲ್ಲಿ ಆಡುವ ಓಟ, ಕಾಳಗಗಳ ಆಟ ಬೇರೆ, ಹಣ ಪಣಕ್ಕಿಟ್ಟು ಆಡುವುದು ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಹೆತ್ತವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಎರಡನೆಯದನ್ನು ಕಂಡೂ ಕಾಣದಂತೆ ಇರಲೂ ಬಾರದು.

ಐದನೆಯದು ಅಳತೆ. ಪೂರ್ಣ ಕೀಬೋರ್ಡಿನಲ್ಲಿ 104 ಕೀಲಿ, ಬಲಗಡೆ ಅಂಕಿಗಳ ಗುಂಪು. ಅದಿಲ್ಲದ್ದರಲ್ಲಿ 87 ಕೀಲಿ. ಇನ್ನೂ ಚಿಕ್ಕದರಲ್ಲಿ 61. ಆಟಗಾರರಿಗೆ ಮೌಸ್ ಓಡಾಡಲು ಜಾಗ ಬೇಕು, ಆದ್ದರಿಂದ ಚಿಕ್ಕದೇ ಇಷ್ಟ. ಬಿಲ್ಲು ಟೈಪು ಮಾಡುವವರಿಗೆ ಅಂಕಿಗಳ ಗುಂಪಿಲ್ಲದಿದ್ದರೆ ಕೈಯೇ ಓಡುವುದಿಲ್ಲ. 5ರ ಮೇಲಿನ ಸಣ್ಣ ಗೀಟನ್ನು ಸವರಿ, ಕಣ್ಣು ವೋಚರಿನ ಮೇಲಿಟ್ಟು ಹತ್ತು ಸಾಲು ಹೊಡೆಯುವ ಸುಖ ಗುಮಾಸ್ತನಿಗೇ ಗೊತ್ತು. ಅಂಕಿಗಳ ಗುಂಪು ಪ್ರತ್ಯೇಕವಾಗಿಯೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 87 ಕೀಲಿಯದರ ಜೊತೆ ಅದನ್ನು ಕೊಂಡರೆ, ಬೇಕಾದಾಗ ಜೋಡಿಸಿ ಬೇಡವಾದಾಗ ತೆಗೆದಿಡಬಹುದು.

ಆರನೆಯದು ಕೀಲಿಯ ಟೊಪ್ಪಿಗೆ ಮತ್ತು ರಿಪೇರಿ. ಅಕ್ಷರವನ್ನು ಮೇಲೆ ಬಣ್ಣದಲ್ಲಿ ಅಚ್ಚೊತ್ತಿದ್ದರೆ ವರ್ಷ ಒಪ್ಪತ್ತಿನಲ್ಲಿ ಸವೆಯುತ್ತದೆ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದಿದ್ದರೆ ಅಕ್ಷರ ಅಳಿಸುವುದೇ ಇಲ್ಲ. ಅದಕ್ಕೆ ‘ಡಬಲ್ ಶಾಟ್’ ಎಂದು ಹೆಸರು. ಪ್ಲಾಸ್ಟಿಕ್ಕಿನಲ್ಲಿಯೂ ಎಬಿಎಸ್ ಬೇಗ ಜಿಡ್ಡುಹೊಳಪು ಹತ್ತುತ್ತದೆ, ಪಿಬಿಟಿ ತಡೆಯುತ್ತದೆ. ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಹೊಸದನ್ನು ಸಿಕ್ಕಿಸಬಹುದಾದರೆ ‘ಹಾಟ್ ಸ್ವಾಪ್’ ಎನ್ನುತ್ತಾರೆ. ರಿಪೇರಿಯವರು ದೂರದ ಪೇಟೆಯಲ್ಲಿರುವ ನಮ್ಮಂಥ ಹಳ್ಳಿಗಳಿಗೆ ದೀಪಕ್ಕಿಂತ ಇದು ಮುಖ್ಯ. ಮನೆಯಲ್ಲೇ ಕೂತು ಒಂದು ಸ್ವಿಚ್ಚು ಬದಲಿಸಿಕೊಳ್ಳಬಹುದು. ದೀಪವೋ, ಅದು ಅಂಗಡಿಯಲ್ಲಿ ಕಣ್ಣು ಸೆಳೆಯಲು. ಟೈಪು ಕಲಿತ ಬೆರಳಿಗೆ ಎಫ್ ಮತ್ತು ಜೆ ಕೀಲಿಗಳ ಮೇಲಿನ ಗೀಟೇ ದೀಪ.

ಇನ್ನು ನಮ್ಮ ಗಡಿಯವರಿಗೆ ಬಹು ಮುಖ್ಯವಾದ ಸಂಗತಿ. ಒಬ್ಬ ಅಂಗಡಿಯವರು ನನಗೆ, “ಕನ್ನಡ ಕೀಬೋರ್ಡು ಬೇಕಾದರೆ ಬೆಂಗಳೂರಿನಿಂದಲೇ ತರಿಸಬೇಕು, ಬೆಲೆ ಜಾಸ್ತಿ” ಎಂದರು. ಬಂಧುಗಳೇ, ಭಾಷೆ ಇರುವುದು ಕೀಬೋರ್ಡಿನಲ್ಲಲ್ಲ, ಕಂಪ್ಯೂಟರಿನೊಳಗೆ. ಟೈಪ್‌ರೈಟರಿನ ಕಾಲದಲ್ಲಿ ಅಕ್ಷರದ ಅಚ್ಚು ಯಂತ್ರದಲ್ಲೇ ಇತ್ತು. ಕೆ. ಅನಂತಸುಬ್ಬರಾವ್ ಅವರು ಕನ್ನಡಕ್ಕೆಂದೇ ಬೆರಳಚ್ಚು ಯಂತ್ರದ ವಿನ್ಯಾಸ ರೂಪಿಸಬೇಕಾಯಿತು. ಇಂದು ಕೀಬೋರ್ಡು ಕಳುಹಿಸುವುದು ಯಾವ ಕೀಲಿ ಒತ್ತಿದರು ಎಂಬ ಸುದ್ದಿಯನ್ನು ಮಾತ್ರ. ಅದು ಕನ್ನಡವಾಗಬೇಕೋ ತಮಿಳಾಗಬೇಕೋ ಎಂಬುದನ್ನು ತೀರ್ಮಾನಿಸುವುದು ಕಂಪ್ಯೂಟರು. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವೂ ಇದೆ, ತಮಿಳೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿಕೊಂಡರೆ ಮುಗಿಯಿತು, ಯಾವ ಕೀಬೋರ್ಡಿನಲ್ಲಾದರೂ ಕನ್ನಡ ಬರೆಯಬಹುದು. ಅದಕ್ಕೆಂದು ಬೇರೆ ಹಣ ಕೊಡಬೇಕಾಗಿಲ್ಲ.

ವಿನ್ಯಾಸಗಳಲ್ಲಿ ಮಾತ್ರ ಆಯ್ಕೆಯುಂಟು. ಕೆ.ಪಿ. ರಾವ್ ಅವರದು ಉಚ್ಚಾರಣೆಯನ್ನು ಅನುಸರಿಸುತ್ತದೆ, ಇಂಗ್ಲಿಷಿನ ಕೆ ಒತ್ತಿದರೆ ಕ ಬೀಳುತ್ತದೆ. ಕರ್ನಾಟಕದ ‘ನುಡಿ’ ತಂತ್ರಾಂಶ ಅದನ್ನೇ ಹಿಡಿದಿದೆ. ತಮಿಳುನಾಡು ಸರಕಾರ 1999ರಲ್ಲಿ ತಮಿಳಿಗೆ ‘ತಮಿಳ್ 99’ ಎಂಬ ವಿನ್ಯಾಸವನ್ನು ಒಪ್ಪಿತು. ಭಾರತದ ಭಾಷೆಗಳಿಗೆಲ್ಲ ಒಂದೇ ಮಾದರಿಯಾಗಿ ಮಾಡಿದ್ದು ‘ಇನ್‌ಸ್ಕ್ರಿಪ್ಟ್’. ಇದರಲ್ಲಿ ಎಡಗೈಗೆ ಸ್ವರ, ಬಲಗೈಗೆ ಬಹುಪಾಲು ವ್ಯಂಜನ. ಎಲ್ಲ ಭಾಷೆಗಳಲ್ಲಿಯೂ ಒಂದು ಧ್ವನಿಗೆ ಒಂದೇ ಜಾಗ. ನಾವು ಮರ ಎನ್ನುತ್ತೇವೆ, ತಮಿಳರು ಮರಂ ಎನ್ನುತ್ತಾರೆ. ಇನ್‌ಸ್ಕ್ರಿಪ್ಟಿನಲ್ಲಿ ಎರಡು ಭಾಷೆಗೂ ಮ ಇರುವುದು ಸಿ ಕೀಲಿಯಲ್ಲಿ, ರ ಇರುವುದು ಜೆ ಕೀಲಿಯಲ್ಲಿ. ಒಂದು ಭಾಷೆಗೆ ಬೆರಳು ಪಳಗಿದರೆ ಇನ್ನೊಂದು ಅರ್ಧ ಬಂದ ಹಾಗೆಯೇ. ಎರಡು ಭಾಷೆಯ ಮನೆಗಳಿಗೆ ಇದಕ್ಕಿಂತ ಅನುಕೂಲ ಯಾವುದು?

ಇಷ್ಟೆಲ್ಲ ಹೋಲಿಸಿ, ಹಳೆಯ ಕಾಗದದ ಹಿಂಬದಿಯಲ್ಲಿ ಮೂರು ಕಲಂ ಎಳೆದು, ನಾವು ತೀರ್ಮಾನಿಸಿದ್ದು ಕಂದು ಸ್ವಿಚ್ಚಿನ, 87 ಕೀಲಿಯ, ಅಳಿಸದ ಅಕ್ಷರದ, ಸ್ವಿಚ್ಚು ಬದಲಿಸಬಹುದಾದ, ತಂತಿಯ ಕೀಬೋರ್ಡು. ಸೊಸೆಗೆ ಪ್ರತ್ಯೇಕ ಅಂಕಿಗಳ ಗುಂಪು. ಎರಡೂ ಸೇರಿ ಮೂರೂವರೆ ಸಾವಿರದೊಳಗೆ ಆಯಿತು. ಮೊಮ್ಮಗನಿಗೆ ಕೆಂಪು ಬೇಕಿತ್ತು, ನನಗೆ ನೀಲಿ ಬೇಕಿತ್ತು. ಕಂದು ಇಬ್ಬರಿಗೂ ಮುಕ್ಕಾಲು ಪಾಲು ಸಿಕ್ಕಿದಂತೆ. ಮಲಗುವವರಿಗೆ ನಿದ್ದೆ ಪೂರ್ತಿ ಸಿಕ್ಕಿತು.

ಮಂಜೂರಾತಿಗೆ ನಾನು ಒಂದು ಷರತ್ತು ಇಟ್ಟಿದ್ದೆ. ವಾರಕ್ಕೆ ನನ್ನ ನೋಟುಬುಕ್ಕಿನ ಎರಡು ಪುಟವನ್ನು ಹುಡುಗ ಟೈಪು ಮಾಡಬೇಕು. ತಮಿಳು ಮಾಧ್ಯಮದಲ್ಲಿ ಓದಿದವನು, ಕನ್ನಡ ಆಡುತ್ತಾನೆ, ಅಕ್ಷರ ಕೂಡಿಸಿ ಓದುತ್ತಾನೆ. ಮೊದಲ ವಾರ ಎರಡು ಪುಟಕ್ಕೆ ಮೂರು ಸಂಜೆ ಹಿಡಿಯಿತು. ಈಗ ಒಂದು ಸಂಜೆ ಸಾಕು. “ಅಜ್ಜಿ, ಹಣಿಗೆ ಅಂದ್ರೆ ತಲೆ ಬಾಚೋದಲ್ವಾ?” ಎಂದು ಅವನು ಕೇಳಿದಾಗ, ಬಾಚಣಿಗೆಯ ಹಲ್ಲಿನ ನಡುವೆ ಕೂದಲು ಹಾಯುವಂತೆ ಮಗ್ಗದಲ್ಲಿ ನೂಲು ಹಾಯುತ್ತದೆಂದು ಆಕೆ ಕೈಯಲ್ಲೇ ತೋರಿಸಿಕೊಟ್ಟರು. ಅದು ನನ್ನ ನೋಟುಬುಕ್ಕಿನಲ್ಲಿ ಇರಲಿಲ್ಲ. ಹುಡುಗನೇ ಅದನ್ನೂ ಸೇರಿಸಿ ಟೈಪು ಮಾಡಿದ.

ಕೊಳ್ಳಲು ಹೊರಟವರಿಗೆ ಸಾರಾಂಶ ಇಷ್ಟು. ಯಾರು ಬಳಸುತ್ತಾರೆ, ಯಾರು ಪಕ್ಕದಲ್ಲಿ ಮಲಗುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಬೆರಳಿಟ್ಟು ನೋಡಿ. ಎರಡು ಶಿಫ್ಟಿನ ಪರೀಕ್ಷೆ ಮಾಡಿ. ದೀಪಕ್ಕೆ ಮರುಳಾಗದೆ ರಿಪೇರಿಯ ಅನುಕೂಲ ಕೇಳಿ. ಬಿಲ್ಲು ಮತ್ತು ವಾರಂಟಿ ಚೀಟಿಯನ್ನು ಪಾಸ್‌ಪುಸ್ತಕದ ಜೊತೆಗೇ ಇಡಿ. ಮೋಸವಾಯಿತೆಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮನೆಗೆ ತಂದ ಮೇಲೆ ಮೊದಲ ದಿನವೇ ಕಂಪ್ಯೂಟರಿಗೆ ಕನ್ನಡವನ್ನೂ ಸೇರಿಸಿಕೊಳ್ಳಿ. ಆಮೇಲೆ ಮಾಡೋಣ ಎಂದದ್ದು ಹಾಗೆಯೇ ಉಳಿದುಬಿಡುತ್ತದೆ.